ಕರಾವಳಿಯ ಹಳೆಯ ಉಕ್ಕಿನ ಮೌಂಟನ್ ಬೈಕ್: ದೋಷ ಹುಡುಕುವ ಕ್ರಮ

ಕಾರವಾರದಲ್ಲೋ ಅಂಕೋಲೆಯಲ್ಲೋ ಮನೆ ಹಿಂದಿನ ಮಾಡಿನಡಿ ಹತ್ತಿಪ್ಪತ್ತು ವರ್ಷ ನಿಂತ ಉಕ್ಕಿನ ಮೌಂಟನ್ ಬೈಕನ್ನು ಹೊರಗೆ ತಂದಾಗ ಮೊದಲು ಬರುವ ಮಾತು "ಯಾವ ಬಣ್ಣ ಹೊಡೆಸೋಣ" ಎನ್ನುವುದು. ಬಣ್ಣದ ಮಾತು ಕೊನೆಗಿರಲಿ. ನಮ್ಮ ಕಡೆಯ ಸೈಕಲ್ ಕೆಡುವುದು ಒಳಗಿನಿಂದ ಮತ್ತು ತಳದಿಂದ. ಮಳೆನೀರು ಸೀಟಿನ ಕೊಳವೆಯ ಸೀಳಿನಿಂದ ಇಳಿದು, ಪೆಡಲ್ ಆಕ್ಸಲ್ ಕೂರುವ ಬಿ.ಬಿ. (ಬಾಟಮ್ ಬ್ರಾಕೆಟ್) ಶೆಲ್ಲಿನಲ್ಲಿ ನಿಲ್ಲುತ್ತದೆ. ಮಳೆ ಮುಗಿದ ಮೇಲೂ ಕಡಲ ಗಾಳಿ ತಂದ ಉಪ್ಪು ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಆ ಜಾಗವನ್ನು ಒಣಗಲು ಬಿಡುವುದಿಲ್ಲ. ಮೇಲೆ ಹೊಳೆಯುವ ಫ್ರೇಮಿನ ತಳದಿಂದ ಲೋಟಗಟ್ಟಲೆ ಕೆಂಪು ನೀರು ಸುರಿಯುವುದುಂಟು. ಮೇಲೆಲ್ಲ ಜಂಗು ಹಿಡಿದ ಫ್ರೇಮ್ ಒಳಗೆ ಗಟ್ಟಿಯಾಗಿ ಇರುವುದೂ ಉಂಟು. ಹಾಗಾಗಿ ಮೊದಲು ಫ್ರೇಮಿನ ಒಳಗು, ಆಮೇಲೆ ಕಚ್ಚಿ ಕೂತ ಭಾಗಗಳು, ಆಮೇಲೆ ಶಬ್ದ, ಗೇರು, ಚಕ್ರ. ಈ ಕ್ರಮ ತಪ್ಪಿಸಿ ಬಿಡಿಭಾಗಕ್ಕೆ ದುಡ್ಡು ಹಾಕಿದರೆ ತೂತು ಫ್ರೇಮಿಗೆ ಹೊಸ ಚೈನ್ ಹಾಕಿದಂತಾಗುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ: ವರ್ನಿಯರ್ ಕ್ಯಾಲಿಪರ್, ಚಿಕ್ಕ ಅಯಸ್ಕಾಂತ, ಟಾರ್ಚ್, ದಬ್ಬಳ, ಐದಾರು ಮೀಟರ್ ಗಟ್ಟಿ ದಾರ, ಸೀಮೆಎಣ್ಣೆ ಮತ್ತು ಸೀಮೆಸುಣ್ಣದ ಪುಡಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ನಡೆಯುತ್ತದೆ.

ಫ್ರೇಮ್ ಉಳಿಯುತ್ತದೆಯೇ?

ಸೀಟನ್ನು ಹೊತ್ತು ಫ್ರೇಮಿನ ಕೊಳವೆಯೊಳಗೆ ಇಳಿಯುವ ಸೀಟ್‌ಪೋಸ್ಟ್ ಹೊರಗೆ ಬರುವಂತಿದ್ದರೆ ಅದರ ಮೇಲೆ ಒತ್ತಿರುವ ಅಂಕಿ ಓದಿ, ಇಲ್ಲವೇ ವರ್ನಿಯರ್‌ನಲ್ಲಿ ಅಳೆಯಿರಿ. 27.2, 26.8 ಅಥವಾ 26.4 ಮಿ.ಮೀ. ಇದ್ದರೆ ಕೊಳವೆ ತೆಳು, ಬಹುಪಾಲು ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು). 25.4 ಇದ್ದರೆ ದಪ್ಪ ಗೋಡೆಯ ಹೈ-ಟೆನ್ ಉಕ್ಕು. ಸೀಟ್ ಟ್ಯೂಬಿನ ಹೊರವ್ಯಾಸ ಸಾಮಾನ್ಯವಾಗಿ 28.6 ಮಿ.ಮೀ. ಅದರಲ್ಲಿ 27.2 ಕಳೆದು ಅರ್ಧ ಮಾಡಿದರೆ ಗೋಡೆಯ ದಪ್ಪ ಸುಮಾರು 0.7, 25.4 ಕಳೆದರೆ ಸುಮಾರು 1.6. ತುಕ್ಕಿಗೆ ತಿನ್ನಲು ಎಷ್ಟು ಲೋಹ ಇದೆ ಎಂಬ ಅಂದಾಜು ಇಲ್ಲೇ ಸಿಗುತ್ತದೆ.

ಹೆಸರಿನಲ್ಲೇ ಕ್ರೋಮಿಯಂ ಇದೆ, ಕ್ರೋಮೋಲಿಗೆ ಜಂಗು ಹಿಡಿಯುವುದಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಕ್ರೋಮೋಲಿ ಎಂದು ಬಳಸುವ 4130 ಉಕ್ಕಿನಲ್ಲಿ ಕ್ರೋಮಿಯಂ ಇರುವುದು ಶೇ. 0.8ರಿಂದ 1.1 ಮಾತ್ರ. ಸ್ಟೇನ್‌ಲೆಸ್ ಎನಿಸಿಕೊಳ್ಳಲು ಕನಿಷ್ಠ ಶೇ. 10.5 ಬೇಕು. ಕ್ರೋಮೋಲಿಯೂ ಸಾದಾ ಉಕ್ಕಿನಂತೆಯೇ ಜಂಗು ಹಿಡಿಯುತ್ತದೆ, ತೆಳುವಾದ್ದರಿಂದ ತೂತು ಬೇಗ ಬೀಳುತ್ತದೆ. ಬಟೆಡ್ ಕೊಳವೆಯಾದರೆ ತುದಿಗಳಲ್ಲಿ 0.9 ಮಿ.ಮೀ. ಇದ್ದದ್ದು ನಡುವೆ 0.6ಕ್ಕೆ ಇಳಿದಿರುತ್ತದೆ.

ನೋಡಬೇಕಾದ ಜಾಗಗಳು ಇವು: ಬಿ.ಬಿ. ಶೆಲ್ಲಿನ ತಳ, ಅದಕ್ಕೆ ಮುಂದಿನಿಂದ ಓರೆಯಾಗಿ ಇಳಿದು ಸೇರುವ ಡೌನ್ ಟ್ಯೂಬಿನ ಕೊನೆಯ ಒಂದು ಗೇಣು, ಅಲ್ಲಿಂದ ಹಿಂಚಕ್ರದ ಆಕ್ಸಲ್ಲಿನತ್ತ ಹೋಗುವ ಚೈನ್‌ಸ್ಟೇಗಳ ಅಡಿಭಾಗ, ಕೇಬಲ್ ಹಾಯುವ ಗೈಡುಗಳ ಕೆಳಗು, ಹಿಂಚಕ್ರದ ಹತ್ತಿರದ ಬ್ರಿಡ್ಜ್, ಫೋರ್ಕಿನ ಮೇಲ್ಭಾಗದ ಸ್ಟಿಯರರ್ ಕೊಳವೆಯ ಬುಡ. ಬಣ್ಣ ಗುಳ್ಳೆ ಎದ್ದಲ್ಲಿ ದಬ್ಬಳದ ಮೊನೆ ಒತ್ತಿ. ಟಕ್ಕೆಂದು ನಿಂತರೆ ತುಕ್ಕು ಮೇಲ್ಮೈಯದು. ಮೊನೆ ಕುಸಿದರೆ ಅಥವಾ ಒಳಗಿನಿಂದ ಪುಡಿ ಉದುರಿದರೆ ಗೋಡೆ ಹೋಗಿದೆ. ಕೊಳವೆಯ ಉದ್ದಕ್ಕೂ ಒಂದು ನಾಣ್ಯದಿಂದ ತಟ್ಟುತ್ತ ಹೋಗಿ. ಗಟ್ಟಿ ಜಾಗ ಸ್ಪಷ್ಟವಾಗಿ ನುಡಿಯುತ್ತದೆ, ತುಕ್ಕಿನ ಹಕ್ಕಳೆ ತುಂಬಿದ ಜಾಗ ಮಂಕಾಗಿ ದಬದಬ ಎನ್ನುತ್ತದೆ. ಆಮೇಲೆ ಅಯಸ್ಕಾಂತ ಜಾರಿಸಿ. ಅದರ ಹಿಡಿತ ಎಲ್ಲಾದರೂ ಸಡಿಲವಾದರೆ ಅಲ್ಲಿ ಹಿಂದೆ ಯಾರೋ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆ. ಕೈ ಬದಲಾದ ಸೈಕಲ್‌ಗಳಲ್ಲಿ ಇದು ಸಾಮಾನ್ಯ.

ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಮನೆಗಳಿಂದ ಬಂದ ಫ್ರೇಮಿಗೆ ಇನ್ನೊಂದು ಪರೀಕ್ಷೆ ಬೇಕು. ಅಲ್ಲಿ ಸೈಕಲ್ ಇಡುವ ಜಾಗ ಮತ್ತು ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ ಕಲಸುವ ಜಾಗ ಎಷ್ಟೋ ಮನೆಗಳಲ್ಲಿ ಒಂದೇ. ಸುಣ್ಣ ಸಾಲದ ಬೋರ್ಡೋದಲ್ಲಿ ಚೂರಿ ಅದ್ದಿದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ ಎಂಬುದು ತೋಟದವರಿಗೆಲ್ಲ ಗೊತ್ತು. ಮೈಲುತುತ್ತದ ನೀರು ಬಿದ್ದ ಫ್ರೇಮಿನಲ್ಲೂ ಆಗುವುದು ಅದೇ. ಬಣ್ಣ ಕೆತ್ತಿ ಹೋದಲ್ಲಿ ತಾಮ್ರದ ತೆಳು ಪದರ ಕೂರುತ್ತದೆ, ತೇವ ಸೇರಿದಾಗ ತಾಮ್ರದ ಪಕ್ಕದ ಉಕ್ಕು ತಾನು ಸವೆದು ಗುಳಿ ಬೀಳುತ್ತದೆ. ಕೆಂಚು ತುಕ್ಕಿನ ನಡುವೆ ಹಸಿರು-ನೀಲಿ ಕಲೆ ಕಂಡರೆ ಅದನ್ನು ಎಮೆರಿ ಹಾಳೆಯಿಂದ ಬೆಳ್ಳಗಿನ ಲೋಹ ಕಾಣುವವರೆಗೆ ಉಜ್ಜಿ ತೆಗೆಯಬೇಕು. ತುಕ್ಕು ಪರಿವರ್ತಕ ದ್ರವಕ್ಕೆ ತಾಮ್ರ ಹೋಗುವುದಿಲ್ಲ. ಯೂರಿಯಾ ಚೀಲಕ್ಕೆ ಒರಗಿಸಿಟ್ಟ ಸೈಕಲ್ಲಿನ ಚೈನ್‌ಸ್ಟೇ ಮತ್ತು ರಿಮ್ಮನ್ನೂ ಹೀಗೇ ಹತ್ತಿರದಿಂದ ನೋಡಿ.

ಬಿರುಕು ಹುಡುಕಲು ಸೀಮೆಎಣ್ಣೆ ಮತ್ತು ಸೀಮೆಸುಣ್ಣ ಸಾಕು. ಫೋರ್ಕ್ ಹಾಯುವ ಹೆಡ್ ಟ್ಯೂಬಿನ ಎರಡೂ ಸಂದು, ಸೀಟ್ ಕ್ಲಾಂಪಿನ ಸೀಳಿನ ಬುಡ, ಚೈನ್‌ಸ್ಟೇ ಬ್ರಿಡ್ಜ್, ಹಿಂಚಕ್ರದ ಆಕ್ಸಲ್ ಕೂರುವ ಡ್ರಾಪ್‌ಔಟ್ ಇವನ್ನು ಚೆನ್ನಾಗಿ ತೊಳೆದು ಒಣಗಿಸಿ, ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ ಸುಣ್ಣದ ಪುಡಿ ಹಾರಿಸಿ. ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಯಾಗಿ ಏಳುತ್ತದೆ. ಬಣ್ಣದ ಬಿರುಕು ಬೇರೆ, ಲೋಹದ ಬಿರುಕು ಬೇರೆ. ಗೆರೆ ಬಂದಲ್ಲಿ ಬಣ್ಣ ಕೆರೆದು ಇನ್ನೊಮ್ಮೆ ಮಾಡಿದರೆ ಅನುಮಾನ ತೀರುತ್ತದೆ.

ಡೌನ್ ಟ್ಯೂಬಿನ ಅಡಿಭಾಗವನ್ನು ಹೆಡ್ ಟ್ಯೂಬಿನ ಹಿಂದೆ ಬೆರಳಿನಿಂದ ಸವರಿ. ಅಲ್ಲಿ ಸಣ್ಣ ಮಡಿಕೆ ಸಿಕ್ಕಿದರೆ ಸೈಕಲ್ ಎದುರಿನಿಂದ ಗುದ್ದಿಸಿಕೊಂಡಿದೆ. ಫ್ರೇಮ್ ಓರೆಯಾಗಿದೆಯೇ ಎಂದು ತಿಳಿಯಲು ದಾರವನ್ನು ಒಂದು ಡ್ರಾಪ್‌ಔಟಿಗೆ ಕಟ್ಟಿ, ಹೆಡ್ ಟ್ಯೂಬ್ ಸುತ್ತಿಸಿ ತಂದು ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಿರಿ. ಸೀಟ್ ಟ್ಯೂಬಿನಿಂದ ಎರಡೂ ಬದಿಯ ದಾರಕ್ಕೆ ಇರುವ ಅಂತರ ಅಳೆಯಿರಿ. 2 ಮಿ.ಮೀ. ಒಳಗಿನ ವ್ಯತ್ಯಾಸವನ್ನು ಹಾಗೇ ಬಿಡಿ. ಅದಕ್ಕಿಂತ ಹೆಚ್ಚಿದ್ದರೆ ಉಕ್ಕನ್ನು ಕಾಯಿಸದೆಯೇ ಬಗ್ಗಿಸಿ ಸರಿ ಮಾಡಬಹುದು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಈ ಕೆಲಸಕ್ಕೆ ಕೈ ಹಾಕುವಂತಿಲ್ಲ. ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಂತರವನ್ನೂ ಬರೆದಿಡಿ. ತೀರ ಹಳೆಯದರಲ್ಲಿ 126 ಅಥವಾ 130, ಆಮೇಲಿನದರಲ್ಲಿ 135 ಮಿ.ಮೀ. ಇರುತ್ತದೆ. ಚಕ್ರ ಕೊಳ್ಳುವಾಗ ಈ ಅಂಕಿ ಬೇಕು.

ನಮ್ಮ ತೀರ್ಮಾನ ಹೀಗಿದೆ: ಬ್ರಿಡ್ಜಿನಲ್ಲೋ ಬಿ.ಬಿ. ಶೆಲ್ಲಿನ ತಳದಲ್ಲೋ ಸೂಜಿಮೊನೆಯಷ್ಟು ತೂತಿದ್ದರೆ ಹಿತ್ತಾಳೆ ಬೆಸುಗೆ ಹಾಕಿಸಿ ಮುಂದುವರಿಯಬಹುದು. ಗೇಟು-ಗ್ರಿಲ್ ಮಾಡುವಲ್ಲಿ ಆರ್ಕ್ ವೆಲ್ಡಿಂಗ್ ಮಾಡಿಸಿದರೆ 0.6 ಮಿ.ಮೀ. ಗೋಡೆ ಕರಗಿ ದೊಡ್ಡ ತೂತಾಗುತ್ತದೆ, ಆದ್ದರಿಂದ ಗ್ಯಾಸ್ ಬೆಸುಗೆಯವರನ್ನೇ ಹುಡುಕಿ. ಡೌನ್ ಟ್ಯೂಬ್ ಅಥವಾ ಸ್ಟಿಯರರ್ ಕೊಳವೆ ತೂತಾಗಿದ್ದರೆ, ಹೆಡ್ ಟ್ಯೂಬಿನ ಸಂದು ಬಿರಿದಿದ್ದರೆ ಆ ಫ್ರೇಮನ್ನು ರಸ್ತೆಗೆ ತರಬೇಡಿ. ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಫೋರ್ಕ್ ಮುರಿದರೆ ತಪ್ಪಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಸೀಟ್‌ಪೋಸ್ಟ್ ಕಚ್ಚಿ ಕೂತಿದ್ದರೆ

ಕರಾವಳಿಯ ಹಳೆಯ ಸೈಕಲ್ಲಿನಲ್ಲಿ ಇದೇ ಎಲ್ಲಕ್ಕಿಂತ ಹಠಮಾರಿ ದೋಷ. ಫ್ರೇಮ್ ಹಾಳಾಗುವುದೂ ಹೆಚ್ಚಾಗಿ ಇದನ್ನು ಬಿಡಿಸಲು ಹೋಗಿ. ಮೊದಲು ಪೋಸ್ಟ್ ಯಾವ ಲೋಹದ್ದು ಎಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು, ಉಕ್ಕಿಗೆ ಉಕ್ಕು ಜಂಗಿನಿಂದ ಕಚ್ಚಿದೆ. ಅಂಟದಿದ್ದರೆ ಅಲ್ಯೂಮಿನಿಯಂ. ಉಪ್ಪುನೀರು ನಡುವೆ ನಿಂತಾಗ ಅಲ್ಯೂಮಿನಿಯಂ ಮತ್ತು ಉಕ್ಕು ಬ್ಯಾಟರಿಯ ಎರಡು ತುದಿಗಳಂತೆ ವರ್ತಿಸುತ್ತವೆ, ಸವೆಯುವುದು ಅಲ್ಯೂಮಿನಿಯಂ. ಸವೆದು ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪೋಸ್ಟನ್ನು ಕೊಳವೆಯೊಳಗೆ ಬೆಣೆ ಹೊಡೆದಂತೆ ಬಿಗಿ ಮಾಡುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ.

ಕ್ಲಾಂಪಿನ ಬೋಲ್ಟ್ ಪೂರ್ತಿ ತೆಗೆದು ಪಕ್ಕಕ್ಕಿಡಿ, ಸಡಿಲಿಸಿದರೆ ಸಾಲದು. ಸೀಟು ಬಿಚ್ಚಿ. ಬಿ.ಬಿ. ಹೊರಗೆ ತೆಗೆಯಿರಿ. ಬಹಳ ಮಂದಿ ತಪ್ಪುವುದು ಇಲ್ಲೇ: ಎಣ್ಣೆಯನ್ನು ಮೇಲಿನಿಂದ ಮಾತ್ರ ಬಿಡುತ್ತಾರೆ, ಕಚ್ಚಿರುವುದು ಪೋಸ್ಟಿನ ಕೆಳತುದಿ. ಫ್ರೇಮನ್ನು ತಲೆಕೆಳಗೆ ಮಾಡಿ, ಬಿ.ಬಿ. ಶೆಲ್ಲಿನ ಮೂಲಕ ಸೀಟ್ ಟ್ಯೂಬಿನೊಳಗೆ ಜಂಗು ಬಿಡಿಸುವ ತೆಳು ಎಣ್ಣೆ ಹುಯ್ದು ಒಂದು ರಾತ್ರಿ ಬಿಡಿ. ಮಾರನೆಯ ದಿನ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಹಾಕಿ. ಹೀಗೆ ಮೂರು ನಾಲ್ಕು ದಿನ. ಕಾರಿನ ಆಟೋಮ್ಯಾಟಿಕ್ ಗೇರ್ ಎಣ್ಣೆ ಮತ್ತು ಅಸಿಟೋನ್ ಸಮ ಪ್ರಮಾಣದಲ್ಲಿ ಬೆರೆಸಿದ್ದು ಚೆನ್ನಾಗಿ ಇಳಿಯುತ್ತದೆ. ಆದರೆ ಅಸಿಟೋನ್ ಬಣ್ಣ ತಿನ್ನುತ್ತದೆ, ಬೆಂಕಿಗೆ ತಕ್ಷಣ ಹತ್ತಿಕೊಳ್ಳುತ್ತದೆ. ಅದನ್ನು ಹಾಕಿದ ಫ್ರೇಮಿಗೆ ಗ್ಯಾಸ್ ಜ್ವಾಲೆ ತೋರಿಸಲೇಬೇಡಿ.

ಉಕ್ಕಿನ ಪೋಸ್ಟಾದರೆ, ತೆಳು ಎಣ್ಣೆಯನ್ನಷ್ಟೇ ಬಳಸಿದ್ದರೆ ಅದನ್ನೂ ಪೂರ್ತಿ ಒರೆಸಿ, ಫ್ರೇಮಿನ ಕೊಳವೆಯನ್ನು ಹೀಟ್ ಗನ್‌ನಲ್ಲಿ ಕಾಯಿಸಿದರೆ ಕೊಳವೆ ಹಿಗ್ಗಿ ಜಂಗಿನ ಪದರ ಒಡೆಯುತ್ತದೆ. ಅಲ್ಯೂಮಿನಿಯಂ ಪೋಸ್ಟಿಗೆ ಇದೇ ಮಾಡಿದರೆ ಉಲ್ಟಾ ಆಗುತ್ತದೆ, ಏಕೆಂದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅಲ್ಲಿ ಬೇಕಾದದ್ದು ತಂಪು. ಮೀನುಗಾರಿಕಾ ಬಂದರಿನಲ್ಲಿ ಸಿಗುವ ಮಂಜುಗಡ್ಡೆಯ ಪುಡಿಗೆ ಮೂರರಲ್ಲೊಂದು ಪಾಲು ಕಲ್ಲುಪ್ಪು ಬೆರೆಸಿದರೆ ಅದರ ಶಾಖ ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗಿಳಿಯುತ್ತದೆ. ಅದನ್ನು ಉದ್ದನೆಯ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಪೋಸ್ಟಿನ ತಲೆ ತೆರೆದಿದ್ದರೆ ಟೊಳ್ಳಿನೊಳಗೆ ಇಳಿಸಿ, ಮುಚ್ಚಿದ್ದರೆ ಹೊರಗೆ ಕಾಣುವ ಭಾಗಕ್ಕೆ ಸುತ್ತಿ ಅರ್ಧ ಗಂಟೆ ಬಿಡಿ. ಚೀಲ ಒಡೆದು ಉಪ್ಪುನೀರು ಕೊಳವೆಗೆ ಇಳಿಯದಂತೆ ಎಚ್ಚರ ಬೇಕು. 30 ಡಿಗ್ರಿ ಇಳಿದರೆ 27.2 ಮಿ.ಮೀ. ಪೋಸ್ಟ್ ಕುಗ್ಗುವುದು 0.02 ಮಿ.ಮೀ.ನಷ್ಟು. ಕೇಳಲು ಅಲ್ಪ, ಬಿಳಿ ಪುಡಿಯ ಹಿಡಿತ ಬಿರಿಯಲು ಎಷ್ಟೋ ಸಲ ಅಷ್ಟೇ ಸಾಕು.

ಬಿಡಿಸುವಾಗ ಎಳೆಯಬೇಡಿ, ತಿರುಗಿಸಿ. ಪೋಸ್ಟಿನ ತಲೆಯನ್ನು ಗಟ್ಟಿಯಾಗಿ ಕೂರಿಸಿದ ಬೆಂಚ್ ವೈಸಿನಲ್ಲಿ ಕಚ್ಚಿಸಿ ಫ್ರೇಮನ್ನೇ ಸನ್ನೆಗೋಲು ಮಾಡಿಕೊಳ್ಳಿ. ಸೀಟ್ ಟ್ಯೂಬಿನ ಹತ್ತಿರ ಹಿಡಿದು ನಿಧಾನ ಒತ್ತಡ ಕೊಡಿ, ಜಗ್ಗಬೇಡಿ. ಮೊದಲ ಅಲುಗಾಟ ಬರುವುದು ಕಿರ್ರೆಂಬ ಒಣ ಶಬ್ದದೊಂದಿಗೆ. ಆಗಲೇ ಇನ್ನಷ್ಟು ಎಣ್ಣೆ ಬಿಟ್ಟು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸಿ. ಪೋಸ್ಟ್ ತಿರುಗದೆ ಟಾಪ್ ಟ್ಯೂಬ್ (ಮೇಲಿನ ಅಡ್ಡ ಕೊಳವೆ) ತಿರುಚುವುದು ಕಣ್ಣಿಗೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ಇಷ್ಟಕ್ಕೂ ಬಗ್ಗದಿದ್ದರೆ ಪೋಸ್ಟನ್ನು ಬಲಿ ಕೊಡಬೇಕು. ಕ್ಲಾಂಪಿನ ಮೇಲೆ 25 ಮಿ.ಮೀ. ಬಿಟ್ಟು ಕೊಯ್ದು, ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಒಳಗಿನಿಂದ ಉದ್ದಕ್ಕೆ ಎರಡು ಸೀಳು ಹಾಕಿ. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪುಡಿಯ ಜೊತೆ ಕಪ್ಪು ಅಥವಾ ಕೆಂಪು ಪುಡಿ ಬಂದ ಕ್ಷಣ ಬ್ಲೇಡ್ ಫ್ರೇಮಿಗೆ ತಾಗಿದೆ ಎಂದರ್ಥ. ಸೀಳಿದ ತುಂಡನ್ನು ಒಳಮುಖವಾಗಿ ಮಡಚಿ ತೆಗೆಯಿರಿ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಕರಗಿಸುತ್ತದೆ, ಉಕ್ಕನ್ನು ಬಿಡುತ್ತದೆ ಎನ್ನುವುದು ನಿಜ. ಆದರೆ ಅದು ಕುದಿಯುವಷ್ಟು ಕಾಯುತ್ತದೆ, ಹೊತ್ತಿಕೊಳ್ಳುವ ಜಲಜನಕ ಬಿಡುತ್ತದೆ, ಬಣ್ಣ ಪೂರ್ತಿ ಕೀಳುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗುತ್ತದೆ. ಮನೆಯಲ್ಲಿ ಅದನ್ನು ಮಾಡಬೇಡಿ ಎಂದೇ ಹೇಳುತ್ತೇವೆ. ಬ್ಲೇಡಿನ ಕೆಲಸ ನಿಧಾನ, ಆದರೆ ಅಪಾಯ ಕಡಿಮೆ.

ಹ್ಯಾಂಡಲನ್ನು ಹೊತ್ತು ಸ್ಟಿಯರರ್ ಕೊಳವೆಯೊಳಗೆ ಇಳಿಯುವ ಕ್ವಿಲ್ ಸ್ಟೆಮ್ ಕಚ್ಚಿದ್ದರೆ ಬೋಲ್ಟನ್ನು ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಡಿ. ಬೋಲ್ಟ್ ಕೆಳಗಿಳಿದರೆ ಒಳಗೆ ಬಿಗಿ ಹಿಡಿದ ಬೆಣೆ ಬಿಟ್ಟಿದೆ. ಆಮೇಲೂ ಸ್ಟೆಮ್ ಅಲುಗದಿದ್ದರೆ ಅಲ್ಲೂ ಬಿಳಿ ಪುಡಿಯದೇ ಹಿಡಿತ. ಎಣ್ಣೆಯನ್ನು ಫೋರ್ಕಿನ ಕೆಳಗಿನ ತೂತಿನಿಂದ ಬಿಡಿ.

ಕಟಕಟ ಎಲ್ಲಿಂದ?

ಶಬ್ದ ಬಂತೆಂದು ಸೀದಾ ಬಿ.ಬಿ. ಬಿಚ್ಚುವುದು ಅಂಗಡಿಗಳಲ್ಲೂ ನಡೆಯುತ್ತದೆ. ಶಬ್ದ ಎಷ್ಟು ಸಲಕ್ಕೊಮ್ಮೆ ಬರುತ್ತದೆ ಎಂದು ಎಣಿಸಿದರೆ ಅರ್ಧ ದೋಷ ಸಿಕ್ಕಂತೆಯೇ. ಪೆಡಲಿನ ಪ್ರತಿ ಸುತ್ತಿಗೆ ಒಮ್ಮೆ ಅಥವಾ ಎರಡು ಸಲ ಬಂದರೆ ಪೆಡಲ್, ಪೆಡಲನ್ನು ಹೊತ್ತ ತೋಳು (ಕ್ರ್ಯಾಂಕ್), ಬಿ.ಬಿ. ಅಥವಾ ಸೀಟು. ಸುಮಾರು ಮೂರು ಸುತ್ತಿಗೊಮ್ಮೆ ಬಂದರೆ ಚೈನಿನ ಒಂದು ಕೊಂಡಿ ಬಿಗಿಯಾಗಿದೆ. 108 ಕೊಂಡಿಯ ಚೈನು 38 ಹಲ್ಲಿನ ಚೈನ್‌ವೀಲ್ ಮೇಲೆ ಒಂದು ಸುತ್ತು ಮುಗಿಸಲು ಪೆಡಲ್ 2.8 ಸುತ್ತು ಬರಬೇಕು. ಪೆಡಲ್ ಒಂದು ಸುತ್ತು ಬರುವುದರೊಳಗೆ ಎರಡು ಮೂರು ಸಲ ಬಂದು, ಗೇರ್ ಬದಲಿಸಿದಾಗ ಆ ಲೆಕ್ಕವೂ ಬದಲಾದರೆ ಹಿಂಚಕ್ರದ ಕಡ್ಡಿ ಅಥವಾ ಹಬ್. ಪೆಡಲ್ ತುಳಿಯದೆ ಹೋಗುವಾಗಲೂ ಬರುತ್ತಿದ್ದರೆ ಕ್ರ್ಯಾಂಕಿನ ಕಡೆ ನೋಡುವ ಕೆಲಸವೇ ಇಲ್ಲ.

ಎದ್ದು ನಿಂತು ತುಳಿದಾಗ ಶಬ್ದ ನಿಂತರೆ ಸೀಟಿನ ಕಂಬಿ ಅಥವಾ ಪೋಸ್ಟ್. ಕಾಲು ಊರಿ ನಿಂತು, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಮುಂದೆ ಹಿಂದೆ ತಳ್ಳಿದಾಗ ಬಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಹೆಡ್‌ಸೆಟ್. ಒಂದು ಪೆಡಲನ್ನು ಮಾತ್ರ ತುಳಿದು ನೋಡಿ, ಆಮೇಲೆ ಇನ್ನೊಂದನ್ನು. ಪೆಡಲ್ ಬಿಚ್ಚಿ ಎಳೆಗೆ ಗ್ರೀಸ್ ಹಚ್ಚಿ ಮತ್ತೆ ಹಾಕುವುದರಲ್ಲೇ ಎಷ್ಟೋ "ಬಿ.ಬಿ. ಶಬ್ದ" ನಿಂತುಹೋಗುತ್ತದೆ. ಎಡ ಪೆಡಲಿನ ಎಳೆ ಉಲ್ಟಾ ಎಂಬುದು ನೆನಪಿರಲಿ.

ನಮ್ಮ ದೇಶದ ಹಳೆಯ ಮೌಂಟನ್ ಬೈಕ್‌ಗಳಲ್ಲಿ ಕ್ರ್ಯಾಂಕನ್ನು ಆಕ್ಸಲ್ಲಿಗೆ ಬೆಣೆಯಂತೆ ಬಿಗಿಯುವ ಕಾಟರ್ ಪಿನ್ನಿನ ಮಾದರಿ ಹೆಚ್ಚು. ಪಿನ್ನಿನ ಚಪ್ಪಟೆ ಮುಖ ಸವೆದರೆ ಪ್ರತಿ ಅರ್ಧ ಸುತ್ತಿಗೆ ಪಾದಕ್ಕೆ ಸಣ್ಣ ಕುಲುಕು ತಾಗುತ್ತದೆ. ನಟ್ ಬಿಗಿದರೆ ಎರಡು ದಿನ ಸರಿ, ಮತ್ತೆ ಅದೇ ಕಥೆ. ಪಿನ್ ಬದಲಿಸಿಯೇ ಆಗಬೇಕು. ಹಳೆಯದರ ವ್ಯಾಸ ಅಳೆದು ಅದನ್ನೇ ತನ್ನಿ. ಹೊಡೆಯುವಾಗ ಕ್ರ್ಯಾಂಕಿನ ಕೆಳಗೆ, ನೆಲದವರೆಗೆ ತಾಗುವಂತೆ ಗಟ್ಟಿ ಪೈಪು ಊರಿ. ಊರದೆ ಹೊಡೆದ ಪೆಟ್ಟು ಸೀದಾ ಬಿ.ಬಿ. ಬಾಲ್ಸ್‌ಗೆ ಹೋಗಿ ಅವು ಕೂರುವ ಕಪ್ಪಿನಲ್ಲಿ (ಬಟ್ಟಲಿನಲ್ಲಿ) ಗುಳಿ ಮಾಡುತ್ತದೆ, ಹೊಸ ಶಬ್ದ ಅಲ್ಲಿಂದ ಶುರು. ಎರಡು ಬದಿಯ ಪಿನ್ನುಗಳು ಎದುರುಬದುರು ದಿಕ್ಕಿನಲ್ಲಿರಬೇಕು, ಇಲ್ಲವಾದರೆ ಕ್ರ್ಯಾಂಕ್‌ಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಚೌಕ ಆಕ್ಸಲ್ಲಿನ ಕ್ರ್ಯಾಂಕಾದರೆ ಬೋಲ್ಟ್ 35ರಿಂದ 40 ನ್ಯೂಟನ್ ಮೀಟರ್ ಬಿಗಿ ಬೇಕು. ಸಡಿಲವಿದ್ದಾಗಲೇ ಓಡಿಸಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ತೂತು ದುಂಡಗಾಗುತ್ತದೆ, ಅದಕ್ಕೆ ಮದ್ದಿಲ್ಲ.

ಇನ್ನೊಂದು ಮಾತು. ಚೈನ್‌ವೀಲ್ ತಿರುಗುವಾಗ ಅಂಡಾಕಾರವಾಗಿ ಕಂಡರೆ ಬಡಿದು ನೇರ ಮಾಡಲು ಹೋಗಬೇಡಿ. 1983ರಿಂದ ಶಿಮಾನೊ ತಂದ ಬಯೋಪೇಸ್ ಚೈನ್‌ವೀಲ್‌ಗಳು ಹುಟ್ಟಾ ದುಂಡಗಿಲ್ಲ, ಹೆಸರು ಅದರ ಮೇಲೇ ಇರುತ್ತದೆ.

ಬಾಲ್ಸ್, ಕೋನ್, ಕಪ್

ಬಿ.ಬಿ. ಬಿಚ್ಚುವಾಗ ಬಲಗಡೆಯ ಕಪ್ಪಿನ ಎಳೆ ಉಲ್ಟಾ ಇರುತ್ತದೆ. ಇಂಗ್ಲಿಷ್ ಎಳೆಯ ಶೆಲ್ಲಿನಲ್ಲಿ ಚೈನ್ ಬದಿಯ ಕಪ್ಪನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ತಿಳಿಯದೆ ಉದ್ದ ಪೈಪು ಹಾಕಿ ಬಿಗಿದು ಎಳೆ ಕಿತ್ತವರು ಬಹಳ. ಶೆಲ್ಲಿನ ಅಗಲ 68 ಅಥವಾ 73 ಮಿ.ಮೀ. ಇರುತ್ತದೆ; ಹೊಸ ಸೀಲ್ಡ್ ಕಾರ್ಟ್ರಿಜ್ ತರುವ ಮೊದಲು ಅಳೆಯಿರಿ. ಕರಾವಳಿಗೆ ಸೀಲ್ಡ್ ಕಾರ್ಟ್ರಿಜ್ಜೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಹಳೆಯ ರೂಪವೇ ಬೇಕೆನ್ನುವವರು ಬಾಲ್ಸ್ ಕಪ್ ಉಳಿಸಿಕೊಂಡರೆ ವರ್ಷಕ್ಕೊಮ್ಮೆ ಬಿಚ್ಚಬೇಕು.

ಗ್ರೀಸಿನ ಬಣ್ಣ ನೋಡಿ. ಕಪ್ಪಾಗಿದ್ದರೆ ಹಳೆಯದು, ಅಷ್ಟೇ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಹೊಕ್ಕಿದೆ. ಕೆಂಪು ರಾಡಿಯಾಗಿದ್ದರೆ ಬಾಲ್ಸ್ ಜಂಗು ಹಿಡಿದಿವೆ. ಆಕ್ಸಲ್ ಮೇಲಿನ ಶಂಕುವಿನಾಕಾರದ ಕೋನನ್ನು ಒರೆಸಿ ಬಾಲ್‌ಪೆನ್ನಿನ ಮೊನೆಯನ್ನು ಬಾಲ್ಸ್ ಓಡಿದ ಹಾದಿಯ ಮೇಲೆ ನಡೆಸಿ. ಎಲ್ಲಿ ಮೊನೆ ತಡೆಯುತ್ತದೋ ಅಲ್ಲಿ ಗುಳಿ ಇದೆ. ಕೋನ್ ಗುಳಿ ಬಿದ್ದರೆ ಹೊಸ ಕೋನ್ ಸಿಗುತ್ತದೆ. ಹಬ್ಬಿನೊಳಗಿನ ಕಪ್ಪೇ ಗುಳಿ ಬಿದ್ದಿದ್ದರೆ ಹಬ್ ಬದಲಿಸುವುದೇ ಲೇಸು. ಬಾಲ್ಸ್ ಹೇಗಿದ್ದರೂ ಹೊಸದು ಹಾಕಿ, ಅವು ಅಗ್ಗ. ಮುಂದಿನ ಹಬ್ಬಿಗೆ ಬದಿಗೆ 10ರಂತೆ 3/16 ಇಂಚು, ಹಿಂದಿನದಕ್ಕೆ ಬದಿಗೆ 9ರಂತೆ 1/4 ಇಂಚು, ಕೇಜ್ ತೆಗೆದು ಬಿಡಿಯಾಗಿ ಹಾಕುವ ಬಿ.ಬಿ.ಗೆ ಬದಿಗೆ 11ರಂತೆ 1/4 ಇಂಚು.

ಕ್ವಿಕ್ ರಿಲೀಸ್ ಚಕ್ರದ ಕೋನ್ ಬಿಗಿ ಮಾಡುವಾಗ ಕೈಯಲ್ಲಿ ಹಿಡಿದಾಗ ಕೂದಲೆಳೆಯಷ್ಟು ಅಲುಗಾಟ ಉಳಿಸಿ. ಲಿವರ್ ಬಿಗಿದಾಗ ಆಕ್ಸಲ್ ಒತ್ತಿಕೊಂಡು ಅದು ತಾನೇ ಹೋಗುತ್ತದೆ. ಉಳಿಸದಿದ್ದರೆ ಕೋನ್ ಬೇಗ ಸವೆಯುತ್ತದೆ. ಹ್ಯಾಂಡಲ್ ನೇರಕ್ಕೆ ಬಂದಾಗ ತಾನಾಗಿ ಗುಳಿಗೆ ಬಿದ್ದಂತೆ ನಿಂತರೆ ಹೆಡ್‌ಸೆಟ್ ಕಪ್ ಹೋಗಿದೆ, ಬಿಗಿ ಸಡಿಲ ಮಾಡಿ ಪ್ರಯೋಜನವಿಲ್ಲ.

ಗೇರು ಮತ್ತು ಚೈನು

ಚೈನಿನ 24 ಕೊಂಡಿಯ ಉದ್ದ, ರಿವೆಟ್ಟಿನ ನಡುವಿನಿಂದ ರಿವೆಟ್ಟಿನ ನಡುವಿಗೆ, ಹೊಸದಿದ್ದಾಗ ಸರಿಯಾಗಿ 12 ಇಂಚು. ಅದು 12 ಇಂಚಿಗಿಂತ 1/16 ಇಂಚು ಹೆಚ್ಚಿದರೆ ಚೈನ್ ಬದಲಿಸಿ. 1/8 ಇಂಚು ಹೆಚ್ಚಿದ್ದರೆ ಚೈನಿನ ಜೊತೆ ಫ್ರೀವೀಲನ್ನೂ ತಿಂದುಬಿಟ್ಟಿದೆ, ಎರಡನ್ನೂ ಬದಲಿಸಬೇಕು. ಸವೆದ ಫ್ರೀವೀಲಿಗೆ ಹೊಸ ಚೈನ್ ಮಾತ್ರ ಹಾಕಿದಾಗ ಏರಿನಲ್ಲಿ ಚೈನ್ ಹಲ್ಲು ಹಾರುತ್ತದೆ, ಆಗ ತಪ್ಪು ಗೇರಿನದೆಂದು ಕೇಬಲ್ ತಿರುಗಿಸುತ್ತ ಕೂರುವವರು ಹೆಚ್ಚು.

ಪೆಡಲ್ ತಿರುಗಿದರೂ ಚಕ್ರ ತಿರುಗದಿದ್ದರೆ ಫ್ರೀವೀಲಿನ ಒಳಗಿನ ಕಚ್ಚುಗಳು ಹಳೆಯ ಗ್ರೀಸಿನಲ್ಲಿ ಮಲಗಿಬಿಟ್ಟಿವೆ. ಚಕ್ರವನ್ನು ಅಡ್ಡ ಮಲಗಿಸಿ, ಫ್ರೀವೀಲಿನ ಸಂದಿಗೆ ಸೀಮೆಎಣ್ಣೆ ಬಿಡುತ್ತ ತಿರುಗಿಸಿ. ಕಪ್ಪು ನೀರು ಇಳಿದು, ಚಿಕ್ ಚಿಕ್ ಶಬ್ದ ಮರಳಿದ ಮೇಲೆ ತೆಳು ಮಶೀನ್ ಎಣ್ಣೆ ಬಿಡಿ. ಹೆಬ್ಬೆರಳ ಶಿಫ್ಟರ್ ಹಿಡಿತ ಬಿಟ್ಟಿದ್ದರೂ ಇದೇ ಉಪಚಾರ. ಇಲ್ಲಿ ತೆಂಗಿನೆಣ್ಣೆ ಹಾಕುವ ರೂಢಿ ಮನೆಮನೆಯಲ್ಲಿದೆ. ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಸಿರ್ಸಿಯ ಡಿಸೆಂಬರ್ ಬೆಳಗ್ಗೆ ಶಿಫ್ಟರ್ ಅಲುಗುವುದಿಲ್ಲ, ಮಧ್ಯಾಹ್ನ ತಾನೇ ಸರಿಯಾಗುತ್ತದೆ. ದಿನದ ಹೊತ್ತಿಗೆ ತಕ್ಕಂತೆ ಬಂದುಹೋಗುವ ದೋಷ ಕಂಡರೆ ಯಾವ ಎಣ್ಣೆ ಹಾಕಿದ್ದೀರೆಂದು ಮೊದಲು ಕೇಳಿ.

ಗೇರ್ ಒಂದು ಕಡೆ ಸರಿ ಹೋಗಿ ಇನ್ನೊಂದು ಕಡೆ ಕೂರದಿದ್ದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ನೇತಾಡುವ ಹ್ಯಾಂಗರ್ ಬಗ್ಗಿದೆಯೇ ನೋಡಿ. ಡಿರೇಲರ್ ಬಿಚ್ಚಿ, ಆ ತೂತಿಗೆ 10 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್ ಎಳೆಯ ಆಕ್ಸಲ್ ಇರುವ ಇನ್ನೊಂದು ಚಕ್ರವನ್ನು ತಿರುಗಿಸಿ ಕೂರಿಸಿ. ಎರಡೂ ರಿಮ್ಮಿನ ನಡುವಿನ ಅಂತರ ಮೇಲೆ, ಕೆಳಗೆ, ಮುಂದೆ, ಹಿಂದೆ ಒಂದೇ ಇರಬೇಕು. ಇಲ್ಲದಿದ್ದರೆ ಆ ಚಕ್ರವನ್ನೇ ಹಿಡಿದು ನಿಧಾನ ಬಗ್ಗಿಸಿ. 3/8 ಇಂಚಿನ ಆಕ್ಸಲ್ ನೋಡಲು ಹಾಗೇ ಇದ್ದರೂ ಎಳೆ ಬೇರೆ, ಅದನ್ನು ತುರುಕಬೇಡಿ. ಕೇಬಲ್ ಹೊಸದು ಹಾಕುವಾಗ ಒಳತಂತಿ ಸ್ಟೇನ್‌ಲೆಸ್ ಇರಲಿ. ಗೇರಿನ ಹೊರಕವಚವನ್ನು ಬ್ರೇಕಿಗೆ ಎಂದಿಗೂ ಹಾಕಬೇಡಿ. ಜೋರಾಗಿ ಹಿಡಿದಾಗ ಅದು ಸಿಡಿಯುತ್ತದೆ.

ಚಕ್ರ, ಬ್ರೇಕ್

ಟೈರ್ ತರುವಾಗ "26 ಇಂಚು" ಎಂದಷ್ಟೇ ಹೇಳಿದರೆ ತಪ್ಪು ಟೈರ್ ಕೈಗೆ ಬರುತ್ತದೆ. ಮೌಂಟನ್ ಬೈಕಿನದು 26 × 1.95 ಎಂಬಂತೆ ದಶಮಾಂಶದಲ್ಲಿ ಬರೆದಿರುವ 559 ಮಿ.ಮೀ. ಅಳತೆ. ಭಿನ್ನರಾಶಿಯಲ್ಲಿ ಬರೆದ 26 × 1 3/8 ಎಂದರೆ 590. ಅದು ಈ ರಿಮ್ಮಿನ ಮೇಲೆ ಕೂರುವುದಿಲ್ಲ.

ಕ್ರೋಮ್ ಹಾಕಿದ ಉಕ್ಕಿನ ರಿಮ್ ಇದ್ದರೆ ಅದನ್ನು ಗೋಡೆಗೆ ತೂಗುಹಾಕಿ, ಓಡಿಸಲು 36 ತೂತಿನ ಅಲ್ಯೂಮಿನಿಯಂ ರಿಮ್ ಕಟ್ಟಿಸಿ. ಒದ್ದೆಯಾದ ಕ್ರೋಮ್ ಮೇಲೆ ಬ್ರೇಕ್ ರಬ್ಬರ್ ಹಿಡಿಯುವುದೇ ಇಲ್ಲ. ಮಳೆಗಾಲದ ಘಟ್ಟದ ರಸ್ತೆಯಲ್ಲಿ ಇದಕ್ಕಿಂತ ದೊಡ್ಡ ದೋಷ ಬೇರೆ ಬೇಕಿಲ್ಲ. 80ರ ದಶಕದ ಕೊನೆಯ ಕೆಲವು ಮಾದರಿಗಳಲ್ಲಿ ಹಿಂದಿನ ಬ್ರೇಕ್ ಚೈನ್‌ಸ್ಟೇ ಅಡಿಯಲ್ಲಿದೆ. ನಮ್ಮ ಕೆಂಪು ಕೆಸರು ಅಲ್ಲೇ ಗಂಟು ಕಟ್ಟುತ್ತದೆ, ಬ್ರೇಕ್ ವಾಪಸ್ ಬರದಿದ್ದರೆ ಮೊದಲು ಆ ಮಣ್ಣು ಕೆತ್ತಿ. ಕ್ಯಾಂಟಿಲಿವರ್ ಬ್ರೇಕ್ ಕಿರುಚಿದರೆ ರಬ್ಬರಿನ ಮುಂದಿನ ತುದಿ ಹಿಂದಿನದಕ್ಕಿಂತ 1 ಮಿ.ಮೀ. ಮೊದಲು ರಿಮ್ಮಿಗೆ ತಾಗುವಂತೆ ಕೂರಿಸಿ.

ಒಳಗಿನ ತುಕ್ಕು, ಆಮೇಲೆ ಬಣ್ಣ

ತುಕ್ಕು ತೆಗೆಯುವ ಮೊದಲು ಉಪ್ಪು ತೆಗೆಯಬೇಕು. ಕೊಳವೆಗಳ ಒಳಗೆ ಬೆಚ್ಚಗಿನ ಸಿಹಿನೀರು ಎರಡು ಮೂರು ಸಲ ಹಾಯಿಸಿ ಬಿಸಿಲಿಗೆ ಒಣಗಿಸಿ. ಉಪ್ಪು ಉಳಿದರೆ ಯಾವ ಬಣ್ಣದ ಕೆಳಗೂ ಗುಳ್ಳೆ ಏಳುತ್ತದೆ. ಕಡಲತೀರದ ಮರಳಿನಿಂದ ಉಜ್ಜುವುದು, ಬ್ಲಾಸ್ಟಿಂಗ್ ಮಾಡಿಸುವುದು ಎರಡೂ ಬೇಡ, ಅದು ಉಪ್ಪನ್ನೇ ಉಕ್ಕಿಗೆ ತಿಕ್ಕಿದ ಹಾಗೆ.

ಸಿಟ್ರಿಕ್ ಆಮ್ಲ ಲೀಟರಿಗೆ 50ರಿಂದ 100 ಗ್ರಾಂ ಕರಗಿಸಿ, ತುಕ್ಕಿನ ಜಾಗ ಮುಳುಗುವಂತೆ ಕೆಲವು ಗಂಟೆ ಇಟ್ಟು, ಅಡುಗೆ ಸೋಡಾ ನೀರಿನಲ್ಲಿ ತೊಳೆಯಿರಿ. ಚೈನು, ಸ್ಪ್ರಿಂಗು, ಬಾಲ್ಸ್ ಇವನ್ನು ಆಮ್ಲದಲ್ಲಿ ಹಾಕಬೇಡಿ: ಅಲ್ಲಿ ಹುಟ್ಟುವ ಜಲಜನಕ ಗಡುಸಾದ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ, ಒತ್ತಡ ಬಿದ್ದಾಗ ಮುರಿಯುತ್ತದೆ. ಫ್ರೇಮ್ ಒಣಗಿದ ಮೇಲೆ ಕಾಯಿಸಿದ ಅಗಸೆ ಎಣ್ಣೆಯನ್ನು (ಬಾಯಿಲ್ಡ್ ಲಿನ್ಸೀಡ್ ಆಯಿಲ್) ಪ್ರತಿ ಕೊಳವೆಗೂ ಹುಯ್ದು, ಎಲ್ಲ ದಿಕ್ಕಿಗೂ ಹೊರಳಿಸಿ, ತೂಗುಹಾಕಿ ಹೆಚ್ಚಿನದನ್ನು ಇಳಿಸಿ. ಅದು ಒಣಗಿ ತೊಗಲಿನಂಥ ಪದರವಾಗಲು ಒಂದೆರಡು ವಾರ ಬೇಕು. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾಯ್ದು ಬೆಂಕಿ ಹತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರಡಿ.

ಬಣ್ಣದ ಕೆಲಸ ನವೆಂಬರ್‌ನಿಂದ ಮಾರ್ಚ್‌ ಒಳಗೆ ಮುಗಿಸಿ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿಗೆ ಕಡಲ ಗಾಳಿಯಲ್ಲಿ ಅದೇ ದಿನ ಕೆಂಪು ಹತ್ತುತ್ತದೆ, ಹಾಗಾಗಿ ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಅಗಸೆ ಎಣ್ಣೆ ಅದರ ನಂತರ, ಮುಂಚೆ ಅಲ್ಲ. ಬಿ.ಬಿ. ಮತ್ತು ಹ್ಯಾಂಗರಿನ ಎಳೆ ಮುಚ್ಚಿ ಕಳಿಸಿ. ಬಿ.ಬಿ. ಶೆಲ್ಲಿನ ತಳದಲ್ಲಿ ನೀರು ಇಳಿಯುವ ತೂತು ಇಲ್ಲದಿದ್ದರೆ ನಡುಮಧ್ಯಕ್ಕೆ 4 ಮಿ.ಮೀ.ನ ಒಂದು ತೂತು ಬಣ್ಣದ ಮೊದಲೇ ಕೊರೆಯಿರಿ. ಪೋಸ್ಟ್ ಮತ್ತೆ ಹಾಕುವಾಗ ಧಾರಾಳ ಗ್ರೀಸ್ ಹಚ್ಚಿ. ಕನಿಷ್ಠ 65 ಮಿ.ಮೀ. ಒಳಗಿರಲಿ, ಅದರ ತುದಿ ಟಾಪ್ ಟ್ಯೂಬಿನ ಸಂದಿಗಿಂತ ಕೆಳಗೆ ಬರಲಿ. ಮೇ ಕೊನೆಗೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಅದನ್ನು ಹೊರಗೆ ತೆಗೆದು ಒರೆಸಿ ಹಾಕಿ.

ಮೊದಲ ದೊಡ್ಡ ಮಳೆಯಲ್ಲಿ ಓಡಿಸಿ ಬಂದ ಮೇಲೆ ಪೋಸ್ಟ್ ತೆಗೆದು ಸೈಕಲ್ಲನ್ನು ತಲೆಕೆಳಗೆ ಹಿಡಿಯಿರಿ. ಒಂದೆರಡು ಚಮಚಕ್ಕಿಂತ ಹೆಚ್ಚು ನೀರು ಬಂದರೆ ಕ್ಲಾಂಪಿನ ಸೀಳು ಹಿಂಚಕ್ರದ ಕಡೆ ತೆರೆದಿದೆ, ಮಡ್‌ಗಾರ್ಡ್ ಇಲ್ಲದ ಚಕ್ರ ನೀರನ್ನು ನೇರ ಅದರೊಳಗೆ ಎರಚುತ್ತಿದೆ. ಹಳೆಯ ಟ್ಯೂಬಿನಿಂದ ನಾಲ್ಕು ಬೆರಳಗಲದ ಬಳೆ ಕತ್ತರಿಸಿ ಪೋಸ್ಟಿನ ಮೇಲಿನಿಂದ ಇಳಿಸಿ, ಕ್ಲಾಂಪ್ ಮತ್ತು ಸೀಳು ಎರಡೂ ಮುಚ್ಚುವಂತೆ ಎಳೆದು ಕೂರಿಸಿ. ಮಡ್‌ಗಾರ್ಡನ್ನೂ ಹಾಕಿಸಿ.